ಸುಣ್ಣದ ಗೋಡೆ, ನೀರಿನ ಬಣ್ಣ: ಡಚ್ ದೇವಾಲಯಗಳ ಒಳಚಿತ್ರಗಳನ್ನೂ ಅವುಗಳ ಸಂಗ್ರಾಹಕರನ್ನೂ ಕುರಿತು

ಬೆಂಗಳೂರಿನ ಗಿರಿನಗರದಲ್ಲಿ ವಿಶ್ವಾಸಿಯೊಬ್ಬರ ಮನೆಗೆ ಸಂಜೆಯ ಪ್ರಾರ್ಥನೆಗೆಂದು ಹೋದಾಗ, ಮುಂಗೋಣೆಯ ಗೋಡೆಯಲ್ಲಿ ಒಂದು ಚಿತ್ರದ ಮುದ್ರಿತ ಪ್ರತಿಯನ್ನು ಕಂಡೆವು. ಬೂದು, ಕಂದು, ಅಲ್ಲಲ್ಲಿ ತೆಳುವಾದ ಹಳದಿ. ಎತ್ತರವಾದ ಕಂಬಗಳ ನಡುವೆ ಓರೆಯಾಗಿ ಇಳಿಯುವ ಬೆಳಕು, ಕೆಳಗೆ ಗುರುತು ಹಿಡಿಯಲಾಗದಷ್ಟು ಸಣ್ಣವರಾದ ಎರಡು ಮೂರು ಜನ. ಶಿಲುಬೆಯಿಲ್ಲ, ವಿಗ್ರಹವಿಲ್ಲ, ಉರಿಯುವ ಮೇಣದಬತ್ತಿಯೂ ಇಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಡಚ್ ಚಿತ್ರಕಾರ ಯೊಹಾನೆಸ್ ಬೊಸ್‌ಬೋಮನ ಜಲವರ್ಣ ಚಿತ್ರವೊಂದರ ಪ್ರತಿ. ಹೇಗ್ ನಗರದಿಂದ ಮಗಳು ತಂದುಕೊಟ್ಟದ್ದೆಂದು ಮನೆಯ ಯಜಮಾನರು ಹೇಳಿದರು. ನಮ್ಮ ದೇವಾಲಯದಲ್ಲಿ ಈಗ ದೊರೆಯದ ಶಾಂತಿ ಈ ಚಿತ್ರದ ಮುಂದೆ ದೊರೆಯುತ್ತದೆ ಎಂಬ ಮಾತನ್ನೂ ಸೇರಿಸಿದರು. ಅವರ ಸಭೆಯ ಹಳೆಯ ಕಟ್ಟಡವನ್ನು ಕೆಲವು ವರ್ಷಗಳ ಹಿಂದೆ ಕೆಡವಿ, ಹೊಳೆಯುವ ನೆಲವೂ ದೀಪದ ಪರದೆಯೂ ಉಳ್ಳ ಹೊಸದೊಂದನ್ನು ಕಟ್ಟಲಾಗಿತ್ತು. ನಮ್ಮಲ್ಲಿ ಯಾರೂ ಆಗ ಅವರಿಗೆ ಉತ್ತರ ಕೊಡಲಿಲ್ಲ. ಈ ಬರಹ ತಡವಾಗಿ ಬಂದ ಉತ್ತರವೆಂದು ತಿಳಿಯಬಹುದು.

ದೇವಾಲಯಗಳಿಂದ ಚಿತ್ರಗಳನ್ನು ಹೊರಹಾಕಿದ ಒಂದು ಜನಾಂಗ, ಆ ಬರಿದಾದ ದೇವಾಲಯವನ್ನೇ ಚಿತ್ರವಾಗಿ ಬರೆಸಿ ಮನೆಯ ಗೋಡೆಗೆ ತೂಗುಹಾಕಿಕೊಂಡದ್ದು ಸಭಾಚರಿತ್ರೆಯ ವಿಚಿತ್ರಗಳಲ್ಲಿ ಒಂದು. ಇದಕ್ಕೆ ಸೆಮಿನರಿಗಳಲ್ಲಿ ನಾವು ಕೇಳುತ್ತ ಬಂದಿರುವ ವಿವರಣೆ ಸುಲಭವಾದುದು: ಬಿಳಿಯ ಗೋಡೆ ವಾಕ್ಯದ ಜಯದ ಗುರುತು, ಕಣ್ಣನ್ನು ಬರಿದುಮಾಡಿ ಕಿವಿಯನ್ನು ತುಂಬಿದ ಸುಧಾರಣೆಯ ಸೌಂದರ್ಯವೇ ಆ ಚಿತ್ರಗಳ ವಸ್ತು. ಈ ವಿವರಣೆಯನ್ನು ನಾವೂ ಬಹುಕಾಲ ಒಪ್ಪಿದ್ದೆವು. ಚಿತ್ರಗಳನ್ನು ಒಂದೊಂದಾಗಿ ನೋಡಿದ ಮೇಲೆ ಅದು ನಿಲ್ಲುವುದಿಲ್ಲವೆಂದು ತೋರಿತು.

1566ರಲ್ಲಿ ನೆದರ್ಲೆಂಡ್ಸಿನ ಪ್ರಾಂತಗಳಲ್ಲಿ ಹಬ್ಬಿದ ವಿಗ್ರಹಭಂಜನೆಯೂ, ಅದರ ಹಿಂದೆಯೇ ನಗರಗಳು ಒಂದೊಂದಾಗಿ ಸುಧಾರಿತ ಸಭೆಯ ಕೈಸೇರಿದ್ದೂ ನಮ್ಮ ಓದುಗರಿಗೆ ಹೊಸ ಸಂಗತಿಯಲ್ಲ. ಜನಸಾಮಾನ್ಯರಿಗೆ ಪುಸ್ತಕಗಳಿಗೆ ಬದಲಾಗಿ ಚಿತ್ರಗಳನ್ನು ದೇವಾಲಯದಲ್ಲಿ ಇಡಬಹುದೇ ಎಂದು ಹೈಡೆಲ್‌ಬರ್ಗ್ ಪ್ರಶ್ನೋತ್ತರಾವಳಿಯ 98ನೆಯ ಪ್ರಶ್ನೆ ಕೇಳಿ, ಕೂಡದು ಎಂದೇ ಉತ್ತರಿಸುತ್ತದೆ. ಬಣ್ಣ ಬಳಿದಿದ್ದ ಗೋಡೆಗಳ ಮೇಲೆ ಸುಣ್ಣ ಬಿತ್ತು. ಪೂಜಾಪೀಠ ಹೋಗಿ ಪ್ರಸಂಗಪೀಠ ನಡುವಿಗೆ ಬಂತು; ದಶಾಜ್ಞೆಗಳನ್ನು ಬರೆದ ಫಲಕಗಳು ಬಂದವು. ನೆಲ ಮಾತ್ರ ಮೊದಲಿನಂತೆಯೇ ಸಮಾಧಿಯ ಕಲ್ಲುಗಳಿಂದ ಹಾಸಿಕೊಂಡಿತ್ತು. ಸತ್ತ ಶ್ರೀಮಂತರ ಕುಲಲಾಂಛನದ ಫಲಕಗಳು ಕಂಬಗಳ ಮೇಲೆ ತೂಗಿದವು. ಸಂತರು ಇಳಿದ ಜಾಗಕ್ಕೆ ಮನೆತನಗಳು ಏರಿದವು ಎಂದರೆ ಕಠಿನವಾದೀತು, ಆದರೆ ಸುಳ್ಳಾಗದು.

ಇಂಥ ದೇವಾಲಯಗಳಲ್ಲಿ ಕುಳಿತು ಅಳತೆಪಟ್ಟಿ ಹಿಡಿದು ಬರೆದವನು ಪೀಟರ್ ಸಾನ್‌ರೆಡಮ್ (1597–1665). ಅವನದು ಮೂರು ಹಂತಗಳ ಕೆಲಸ. ಮೊದಲು ಸ್ಥಳದಲ್ಲಿಯೇ ಲೇಖನಿ, ಸೀಮೆಸುಣ್ಣ ಮತ್ತು ತೆಳುವಾದ ನೀರಿನ ಬಣ್ಣಗಳಲ್ಲಿ ಒಂದು ರೇಖಾಚಿತ್ರ. ಅದರ ಮೇಲೆ ದಿನಾಂಕ ಮತ್ತು ಸ್ಥಳದ ಹೆಸರು. ಆಮೇಲೆ ಕಂಬ ಕಂಬಕ್ಕೂ ಅಳತೆ ಕೂಡಿಸಿ, ನೋಡುವವನ ಕಣ್ಣು ಎಲ್ಲಿ ನಿಂತಿದೆಯೆಂದು ಒಂದು ಬಿಂದುವನ್ನು ಗುರುತಿಸಿ ಬರೆದ ರಚನಾಚಿತ್ರ. ತೈಲವರ್ಣದ ಚಿತ್ರ ಹುಟ್ಟುತ್ತಿದ್ದುದು ಕೊನೆಗೆ, ಎಷ್ಟೋ ಸಲ ಹಲವು ವರ್ಷಗಳ ಮೇಲೆ. 1636ರಲ್ಲಿ ಅವನು ಉಟ್ರೆಕ್ಟ್ ನಗರಕ್ಕೆ ಹೋಗಿ ಇಪ್ಪತ್ತು ವಾರಗಳಷ್ಟು ಕಾಲ ಅಲ್ಲಿಯ ದೇವಾಲಯಗಳನ್ನು ಬರೆದನು. ಅದೇ ವರ್ಷ ಅದೇ ಊರಿನಲ್ಲಿ ವಿಶ್ವವಿದ್ಯಾಲಯ ತೆರೆಯಿತು. ನಮ್ಮ ಸಭಾಚರಿತ್ರೆಯ ಪಾಠಗಳಲ್ಲಿ ಬರುವ ಗಿಸ್ಬರ್ಟ್ ವೊಯೆಟಿಯಸ್ ಅದರ ಉದ್ಘಾಟನೆಯ ಪ್ರಸಂಗ ಮಾಡಿದನು. ಒಬ್ಬನು ದೇವಾಲಯದಲ್ಲಿ ಏನನ್ನು ಹೇಳಬೇಕೆಂದು ಯೋಚಿಸುತ್ತಿದ್ದನು, ಇನ್ನೊಬ್ಬನು ಅದರ ಕಂಬಗಳ ಸುತ್ತಳತೆ ತೆಗೆಯುತ್ತಿದ್ದನು. ವೊಯೆಟಿಯಸನ ಗ್ರಂಥಗಳನ್ನು ಈಗ ತಜ್ಞರಲ್ಲದೆ ಯಾರೂ ಓದುವುದಿಲ್ಲ. ಸಾನ್‌ರೆಡಮನು ಬರೆದ ಸಂತ ಮರಿಯಳ ದೇವಾಲಯವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕೆಡವಲಾಯಿತು. ಮಠದ ಅಂಗಳದ ಸುತ್ತಣ ಕೈಸಾಲೆಯೊಂದನ್ನು ಬಿಟ್ಟರೆ ಅದು ಇಂದು ಉಳಿದಿರುವುದು ಮುಖ್ಯವಾಗಿ ಅವನ ಕಾಗದಗಳಲ್ಲಿ.

ಉಟ್ರೆಕ್ಟಿನ ಬೂರ್‌ಕೆರ್ಕ್ ದೇವಾಲಯದ ಒಳಭಾಗವನ್ನು ಅವನು 1644ರಲ್ಲಿ ಚಿತ್ರಿಸಿದನು. ಅದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಲಗಡೆ ಒಬ್ಬ ಹುಡುಗ ದೇವಾಲಯದ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದಾನೆ, ಇನ್ನೊಬ್ಬನು ನಾಯಿಗೆ ಆಟ ಕಲಿಸುತ್ತಿದ್ದಾನೆ. ಹುಡುಗನ ಗೀಚಿನ ಪಕ್ಕದಲ್ಲೇ ಚಿತ್ರಕಾರನು, ಅದೂ ಗೋಡೆಯ ಮೇಲಿನ ಗೀಚೇ ಎಂಬಂತೆ, ತನ್ನ ಹೆಸರನ್ನು ಇಟ್ಟಿದ್ದಾನೆ. ಸುಣ್ಣ ಬಳಿದ ಗೋಡೆಯ ಮೇಲೆ ಚಿತ್ರ ಮತ್ತೆ ಹುಟ್ಟಿತು, ಅದೂ ಮಗುವಿನ ಕೈಯಿಂದ. ಸಾನ್‌ರೆಡಮನು ಇದನ್ನು ವಿನೋದಕ್ಕೆ ಬರೆದನೋ, ವಾದಕ್ಕೆ ಬರೆದನೋ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಆದರೆ ಪ್ರಸಂಗವಾಗಲಿ ಪ್ರಾರ್ಥನೆಯಾಗಲಿ ಅಲ್ಲಿಲ್ಲ ಎಂಬುದನ್ನು ಗಮನಿಸಬೇಕು. ಅದು ವಾರದ ದಿನದ ದೇವಾಲಯ. ಆ ದೇವಾಲಯಗಳು ನಗರಸಭೆಯ ಸ್ವತ್ತಾಗಿದ್ದು, ಜನರು ಮಳೆಯಲ್ಲಿ ಅಡ್ಡಾಡುವುದಕ್ಕೂ ಮಾತಾಡುವುದಕ್ಕೂ ಅಲ್ಲಿಗೆ ಬರುತ್ತಿದ್ದರು. ಕಟ್ಟಡದಲ್ಲಿ ಪವಿತ್ರತೆ ನೆಲೆಸಿಲ್ಲ ಎಂಬ ಸುಧಾರಿತ ಬೋಧನೆಯನ್ನು ಆ ನಾಯಿಯಷ್ಟು ನಿಷ್ಠೆಯಿಂದ ಪಾಲಿಸಿದ ಪ್ರಾಣಿ ಇನ್ನೊಂದಿಲ್ಲ. ವಾಕ್ಯದ ಜಯವೇ ಈ ಕಲೆಯ ವಸ್ತುವಾಗಿದ್ದರೆ ಪ್ರಸಂಗಪೀಠದಲ್ಲಿ ಯಾರಾದರೂ ನಿಂತಿರಬೇಕಿತ್ತು. ಎಮಾನುಯೆಲ್ ಡಿ ವಿಟ್ಟೆ ಎಂಬ ಇನ್ನೊಬ್ಬ ಚಿತ್ರಕಾರನು ಪ್ರಸಂಗ ನಡೆಯುವ ದೇವಾಲಯಗಳನ್ನು ಬರೆದದ್ದುಂಟು. ಅವನಲ್ಲೂ ಕಣ್ಣು ಪ್ರಸಂಗಿಯ ಕಡೆಗಲ್ಲ, ಕಂಬದ ಮೇಲಣ ಬಿಸಿಲಿನ ಕಡೆಗೆ ಹೋಗುತ್ತದೆ.

ಈಗ ಕೊಳ್ಳುವವರ ಕಡೆಗೆ ಬರೋಣ. ಸಾನ್‌ರೆಡಮನು 1632ರಲ್ಲಿ ಸೆರ್ಟೋಗೆನ್‌ಬಾಸ್ ನಗರದ ಸಂತ ಯೋಹಾನನ ಮಹಾದೇವಾಲಯವನ್ನು ಬರೆದನು. ಅದಕ್ಕೆ ಮೂರು ವರ್ಷ ಹಿಂದೆ ಆ ಕ್ಯಾಥೊಲಿಕ್ ನಗರವನ್ನು ಡಚ್ ಸೈನ್ಯ ವಶಪಡಿಸಿಕೊಂಡಿತ್ತು. ಪೂಜಾಪೀಠದ ದೊಡ್ಡ ಚಿತ್ರವನ್ನು ಆಗಲೇ ತೆಗೆದುಹಾಕಿದ್ದರು. ಸ್ಥಳದಲ್ಲಿ ಬರೆದ ರೇಖಾಚಿತ್ರದಲ್ಲಿ ಆ ಜಾಗ ಬರಿದಾಗಿದೆ. ಹದಿನಾಲ್ಕು ವರ್ಷಗಳ ಮೇಲೆ, 1646ರಲ್ಲಿ, ಅದರಿಂದ ತೈಲಚಿತ್ರ ಮಾಡಿದಾಗ ಅವನು ಆ ಬರಿದಾದ ಜಾಗದಲ್ಲಿ ಅಬ್ರಹಾಮ್ ಬ್ಲೂಮಾರ್ಟನ ಪೂಜಾಪೀಠಚಿತ್ರವನ್ನು ಮರಳಿ ಇಟ್ಟನು. ಇದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕ್ಯಾಥೊಲಿಕ್ ಆಗಿದ್ದ ಯಾರೋ ಬರೆಯಿಸಿರಬೇಕೆಂಬುದು ವಿದ್ವಾಂಸರ ಊಹೆ, ನಮಗೂ ಅದು ಸರಿಯೆನಿಸುತ್ತದೆ. ಹಾರ್ಲೆಮಿನ ಸಂತ ಬಾವೊ ದೇವಾಲಯದ ಒಂದು ಚಿತ್ರದಲ್ಲಿಯೂ ಅವನು ಅಲ್ಲಿ ಎಂದೂ ಇಲ್ಲದಿದ್ದ ಬಿಷಪರ ಸಮಾಧಿಯನ್ನು ಕಲ್ಪಿಸಿಟ್ಟಿದ್ದಾನೆ. ಅಂಗುಲಕ್ಕೆ ಅಂಗುಲ ಅಳೆದವನು, ಕೊಳ್ಳುವವನ ನೆನಪಿಗಾಗಿ ಇಲ್ಲದ್ದನ್ನು ಸೇರಿಸಿದನು. ನಾವು ಇದನ್ನು ಅಪ್ರಾಮಾಣಿಕತೆ ಎನ್ನುವುದಿಲ್ಲ. ಸಾರ್ವಜನಿಕವಾಗಿ ಪೂಜೆ ಸಲ್ಲಿಸಲು ಅನುಮತಿಯಿಲ್ಲದ ಒಬ್ಬ ವಿಶ್ವಾಸಿಗೆ, ಕಳೆದುಹೋದ ದೇವಾಲಯ ತನ್ನ ಮನೆಯ ಗೋಡೆಯ ಮೇಲೆ ಒಂದು ಹಲಗೆಯಷ್ಟು ಅಗಲದಲ್ಲಿ ಹಿಂದಿರುಗಿತು. ಅದು ಸಂಗ್ರಹವೂ ಹೌದು, ಪ್ರಲಾಪವೂ ಹೌದು. ಬಾಬೆಲಿನಲ್ಲಿ ಕುಳಿತು ಯೆರೂಸಲೇಮಿನ ಅಳತೆಗಳನ್ನು ದರ್ಶನದಲ್ಲಿ ಕಂಡ ಯೆಹೆಜ್ಕೇಲನನ್ನು ಓದಿದವರಿಗೆ ಇದು ಅಪರಿಚಿತವಾಗದು.

ಬೊಸ್‌ಬೋಮನ ಕಾಲಕ್ಕೆ ಈ ಒತ್ತಡ ಮಾಯವಾಗಿತ್ತು. ಅವನು 1817ರಲ್ಲಿ ಹೇಗ್‌ನಲ್ಲಿ ಹುಟ್ಟಿ 1891ರಲ್ಲಿ ಅಲ್ಲಿಯೇ ತೀರಿಕೊಂಡನು. ಐತಿಹಾಸಿಕ ಕಾದಂಬರಿಗಳಿಂದ ಹೆಸರಾಗಿದ್ದ ಗೀರ್ಟ್ರೂಯ್ಡಾ ಟೂಸೆಂಟ್ ಅವನ ಹೆಂಡತಿ. ಅವನ ಆರಂಭದ ತೈಲಚಿತ್ರಗಳಲ್ಲಿ ಜನರು ಹದಿನೇಳನೆಯ ಶತಮಾನದ ಉಡುಪು ತೊಟ್ಟು ನಿಲ್ಲುತ್ತಾರೆ. ದೇವಾಲಯ ಒಂದು ರಂಗಸಜ್ಜಿಕೆಯಂತೆ ತೋರುತ್ತದೆ. ಅವನ ನಿಜವಾದ ಕಲೆ ಮಧ್ಯವಯಸ್ಸು ದಾಟಿದ ಮೇಲೆ ಬರೆದ ಜಲವರ್ಣಗಳಲ್ಲಿದೆ. ಜಲವರ್ಣದ ಗುಣವನ್ನು ಒಂದು ಮಾತಿನಲ್ಲಿ ಹೇಳಬೇಕು: ತೈಲವರ್ಣದಲ್ಲಿ ಬೆಳಕನ್ನು ಬಳಿಯಬೇಕಾಗುತ್ತದೆ, ಜಲವರ್ಣದಲ್ಲಿ ಬೆಳಕನ್ನು ಬಿಡಬೇಕಾಗುತ್ತದೆ. ಕಾಗದದ ಬಿಳುಪನ್ನು ಮುಟ್ಟದೆ ಉಳಿಸಿ ಸುತ್ತಲೂ ನೆರಳನ್ನು ಹರಿಯಬಿಟ್ಟರೆ ಸುಣ್ಣದ ಗೋಡೆ ತಾನಾಗಿ ಮೂಡುತ್ತದೆ. ಸುಧಾರಿತ ದೇವಾಲಯಕ್ಕೆ ಇದಕ್ಕಿಂತ ತಕ್ಕ ಮಾಧ್ಯಮ ಸಿಗಲಾರದು. ಬೊಸ್‌ಬೋಮನ ಕೈ ಇಲ್ಲಿ ಎಷ್ಟು ಹಗುರವೆಂದರೆ, ಕಂಬಗಳು ಕಲ್ಲಿನವೆಂಬುದೇ ಮರೆತುಹೋಗುತ್ತದೆ. ಯೌವನದಲ್ಲಿ ಹೇಗ್‌ನಲ್ಲಿದ್ದ ವಿನ್ಸೆಂಟ್ ವಾನ್ ಗೋಗ್, ಸಭಾಪಾಲಕನ ಮಗನಾದವನು, ಇವನನ್ನು ಬಹಳ ಮೆಚ್ಚಿದ್ದನೆಂದು ಅವನ ಪತ್ರಗಳಿಂದ ತಿಳಿಯುತ್ತದೆ.

ಇವನ್ನು ಕೊಂಡವರು ಯಾರು? ಸಮುದ್ರಚಿತ್ರಗಳಿಗೆ ಹೆಸರಾದ, ಬ್ಯಾಂಕರರ ಮನೆತನದ ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಹ್ ಹೇಗ್‌ನ ತನ್ನ ಮನೆಯ ಪಕ್ಕದಲ್ಲಿ 1887ರಲ್ಲಿ ಸಂಗ್ರಹಾಲಯವನ್ನೇ ಕಟ್ಟಿಸಿ, 1903ರಲ್ಲಿ ಅದನ್ನು ರಾಷ್ಟ್ರಕ್ಕೆ ಕೊಟ್ಟನು. ಡ್ರುಕರ್ ಮತ್ತು ಫ್ರೇಸರ್ ದಂಪತಿಗಳು ಹೇಗ್ ಪಂಥದ ಚಿತ್ರಗಳ ತಮ್ಮ ದೊಡ್ಡ ಸಂಗ್ರಹವನ್ನು ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಸ್ಕಾಟ್ಲೆಂಡಿನಲ್ಲಿಯೂ ಕೆನಡಾದ ಮಾಂಟ್ರಿಯಲ್‌ನಲ್ಲಿಯೂ ವ್ಯಾಪಾರಿಗಳು ಹೇಗ್ ಪಂಥದ ಚಿತ್ರಗಳಿಗಾಗಿ ಪೈಪೋಟಿ ನಡೆಸಿದರು. ಚಿತ್ರವನ್ನು ದೇವಾಲಯಕ್ಕೆ ಬಿಡದ ಸಂಪ್ರದಾಯದಲ್ಲಿ ಬೆಳೆದ ಪ್ರೆಸ್ಬಿಟೇರಿಯನ್ನರು ಅವರಲ್ಲಿ ಇದ್ದಿರಲೇಬೇಕು. ದೇವಾಲಯವನ್ನು ಚಿತ್ರವಾಗಿ ಮನೆಯೊಳಗೆ ಬಿಡುವುದಕ್ಕೆ ಅವರಿಗೆ ಅಡ್ಡಿಯಾಗಲಿಲ್ಲ.

ಇಲ್ಲಿ ನಮ್ಮ ಆಕ್ಷೇಪವನ್ನು ಮರೆಮಾಡಬಾರದು. ಬೊಸ್‌ಬೋಮನು ಈ ಮೌನದ ದೇವಾಲಯಗಳನ್ನು ಬರೆಯುತ್ತಿದ್ದ ವರ್ಷಗಳಲ್ಲಿ ಡಚ್ ಸಭೆ ಮೌನವಾಗಿರಲಿಲ್ಲ. 1834ರಲ್ಲಿ, ಅಂದರೆ ಬಾಸೆಲ್ ಮಿಶನಿನ ಮೊದಲ ಮೂವರು ಮಂಗಳೂರಿಗೆ ಬಂದ ವರ್ಷದಲ್ಲಿಯೇ, ಉಲ್ರುಮ್ ಎಂಬ ಹಳ್ಳಿಯಲ್ಲಿ ಮೊದಲ ಒಡಕು ಉಂಟಾಗಿ ಸಾವಿರಾರು ವಿಶ್ವಾಸಿಗಳು ಹಳೆಯ ದೇವಾಲಯಗಳನ್ನು ಬಿಟ್ಟು ಕೊಟ್ಟಿಗೆಗಳಲ್ಲಿ ಕೂಡಿದರು. 1886ರ ಜನವರಿಯಲ್ಲಿ ಆಮ್‌ಸ್ಟರ್‌ಡಾಮಿನ ನ್ಯೂವೆ ಕೆರ್ಕ್ ದೇವಾಲಯದಲ್ಲಿ, ಹಿರಿಯರ ಸಭೆಯ ಕೋಣೆಗೆ ಬೀಗ ಬಿದ್ದಾಗ, ಅಬ್ರಹಾಮ್ ಕೈಪರನ ಕಡೆಯವರು ಬಾಗಿಲ ಹಲಗೆಯನ್ನು ಗರಗಸದಿಂದ ಕೊಯ್ಯಿಸಿ ಒಳಹೊಕ್ಕರು. ಆಸ್ತಿ ಯಾರದು, ಬೀಗದ ಕೈ ಯಾರ ಹತ್ತಿರ ಎಂಬ ಜಗಳ ಅದು. ಕೈಪರನ ಉಪನ್ಯಾಸಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಈ ಗರಗಸದ ಸದ್ದನ್ನು ಯಾರೂ ಕೇಳಿಸುವುದಿಲ್ಲ. ಬೊಸ್‌ಬೋಮನ ಜಲವರ್ಣಗಳಲ್ಲಿಯೂ ಅದು ಕೇಳುವುದಿಲ್ಲ. ಅಲ್ಲಿ ಬಾಗಿಲುಗಳು ಸದಾ ತೆರೆದಿರುತ್ತವೆ, ಮುದುಕಿಯೊಬ್ಬಳು ಕೈಯಲ್ಲಿ ಪುಸ್ತಕ ಹಿಡಿದಿರುತ್ತಾಳೆ, ಬಿಸಿಲು ಬೀಳುತ್ತದೆ. ಸಾನ್‌ರೆಡಮನ ಕ್ಯಾಥೊಲಿಕ್ ಗ್ರಾಹಕನು ತನ್ನಿಂದ ಕಿತ್ತುಕೊಂಡದ್ದನ್ನು ಕೊಂಡನು. ಬೊಸ್‌ಬೋಮನ ಗ್ರಾಹಕನು ತಾನೇ ಹೋಗುವುದನ್ನು ನಿಲ್ಲಿಸುತ್ತಿದ್ದ ಜಾಗದ ಶಾಂತಿಯನ್ನು ಕೊಂಡನು. ಎರಡೂ ನಷ್ಟವೇ, ಆದರೆ ಮೊದಲನೆಯದರಲ್ಲಿ ನೋವಿದೆ, ಎರಡನೆಯದರಲ್ಲಿ ಅಭಿರುಚಿಯಿದೆ. ಕಲೆಗಾರನಾಗಿ ಬೊಸ್‌ಬೋಮನು ದೊಡ್ಡವನೆಂದು ಒಪ್ಪಿಕೊಂಡೇ ನಾವು ಈ ಮಾತು ಹೇಳುತ್ತಿದ್ದೇವೆ.

ನಮ್ಮ ಕರಾವಳಿಗೂ ಆ ಡಚ್ ಸುಣ್ಣ ಬಂದಿತ್ತು. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಪೋರ್ಚುಗೀಸರಿಂದ ಗೆದ್ದಾಗ ಅಲ್ಲಿಯ ಕ್ಯಾಥೊಲಿಕ್ ಕಟ್ಟಡಗಳಲ್ಲಿ ಹೆಚ್ಚಿನವನ್ನು ಕೆಡವಿದರು. ಸಂತ ಫ್ರಾನ್ಸಿಸ್ ದೇವಾಲಯ ಸುಧಾರಿತ ಆರಾಧನೆಯ ಸ್ಥಳವಾಯಿತು. ಸಾಂತಾ ಕ್ರೂಜ್ ಮಹಾದೇವಾಲಯವು ಆಯುಧಗಳ ಉಗ್ರಾಣವಾಯಿತು. ಸಾನ್‌ರೆಡಮನು ಆಗಿನ್ನೂ ಬದುಕಿದ್ದನು. ಅವನ ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುವ ಗೋಡೆಯ ಇನ್ನೊಂದು ಮಗ್ಗುಲು ಆ ಉಗ್ರಾಣ. ಸಂತ ಫ್ರಾನ್ಸಿಸ್ ದೇವಾಲಯಕ್ಕೆ ಹೋದವರು ನೆಲದಿಂದ ಎತ್ತಿ ಗೋಡೆಗೆ ನಿಲ್ಲಿಸಿರುವ ಡಚ್ ಮತ್ತು ಪೋರ್ಚುಗೀಸ್ ಸಮಾಧಿಕಲ್ಲುಗಳನ್ನು ನೋಡಿರಬಹುದು. ಸತ್ತವರು ಅಲ್ಲಿ ಚಿತ್ರಗಳಂತೆ ಸಾಲಾಗಿ ತೂಗುಬಿದ್ದಿದ್ದಾರೆ.

ಕನ್ನಡನಾಡಿನಲ್ಲಿ ಈ ಎರಡು ಮನಸ್ಸುಗಳನ್ನು ಅಕ್ಕಪಕ್ಕದಲ್ಲಿ ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಬಲ್ಮಠದಲ್ಲಿ 1862ರಷ್ಟು ಹಿಂದಿನ ಶಾಂತಿ ದೇವಾಲಯ ಬಾಸೆಲ್ ಮಿಶನಿನದು. 1529ರಲ್ಲಿ ವಿಗ್ರಹಗಳನ್ನು ಹೊರಗೆಸೆದ ನಗರದ ಹೆಸರನ್ನು ಹೊತ್ತ ಮಿಶನ್ ಅದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಗುಡ್ಡದ ಮೇಲೆ, ಸಂತ ಅಲೋಶಿಯಸ್ ಪ್ರಾರ್ಥನಾಲಯ. ಬೆರ್ಗಾಮೊ ಬಳಿಯ ಸ್ಟೆಜಾನೊ ಊರಿನ ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರನು 1899ರಿಂದ 1901ರವರೆಗೆ ಅದರ ಗೋಡೆಗಳನ್ನೂ ಮಾಳಿಗೆಯನ್ನೂ ಅಂಗೈಯಗಲ ಬಿಡದಂತೆ ಚಿತ್ರಗಳಿಂದ ತುಂಬಿದನು. ಗೋಡೆಗಳ ಮೇಲೆ ಹಸಿಗಾರೆಯ ಚಿತ್ರ, ಮೇಲ್ಚಾವಣಿಯಲ್ಲಿ ಬಟ್ಟೆಯ ಮೇಲೆ ತೈಲವರ್ಣ. ಸುಧಾರಿತ ಪರಂಪರೆಯವರಾದ ನಾವು ಮೊದಲ ಸಲ ಒಳಹೋದಾಗ ಕಣ್ಣಿಗೆ ದಣಿವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಎರಡನೆಯ ಸಲ ಒಂದು ಸಂಗತಿ ಹೊಳೆಯಿತು: ಗಾರೆಯೊಳಗೆ ಇಳಿದ ಈ ಚಿತ್ರವನ್ನು ಯಾರೂ ಕೊಂಡು ಮನೆಗೆ ಒಯ್ಯಲಾರರು. ಕಡಲ ಗಾಳಿ ಅದನ್ನು ಕೆಡಿಸಿದಾಗ, 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯವರು ಅಲ್ಲಿಗೇ ಬಂದು ಅಲ್ಲಿಯೇ ಸರಿಪಡಿಸಬೇಕಾಯಿತು. ಅದು ಅಲ್ಲಿ ಪೂಜಿಸುವವರದು, ಇಲ್ಲವೆ ಯಾರದೂ ಅಲ್ಲ. ಈಗ ಪ್ರವಾಸಿಗರು ಗುಂಪುಗುಂಪಾಗಿ ಬರುತ್ತಾರೆ, ನಿಜ. ಆದರೆ ಅವರು ಬರಬೇಕು. ಮೊಸ್ಕೇನಿ ತೀರಿಕೊಂಡದ್ದು 1905ರ ನವೆಂಬರಿನಲ್ಲಿ, ಕೊಚ್ಚಿಯಲ್ಲಿ, ಡಚ್ಚರು ಉಗ್ರಾಣ ಮಾಡಿದ್ದ ಅದೇ ಸಾಂತಾ ಕ್ರೂಜಿನ ಹೆಸರಿನಲ್ಲಿ ಮತ್ತೆ ಎದ್ದ ದೇವಾಲಯಕ್ಕೆ ಚಿತ್ರ ಬರೆಯುತ್ತಿದ್ದಾಗ.

ಹಾಗೆಂದು ನಮ್ಮ ಬಿಳಿಯ ಗೋಡೆಗಳಿಗೆ ಬಣ್ಣ ಬಳಿಯಬೇಕೆಂದು ನಾವು ವಾದಿಸುತ್ತಿಲ್ಲ. ಬಾಸೆಲ್ ಮಿಶನಿನ ಹಳೆಯ ಹಳ್ಳಿ ದೇವಾಲಯಗಳ ಬರಿಯ ಗೋಡೆಗೆ ತನ್ನದೇ ಆದ ಗಾಂಭೀರ್ಯವಿದೆ. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆಯ ಕೆಂಪು ಹಂಚು, ಅದರ ಸಂದಿಯ ಗಾಜಿನ ಹಂಚಿನಿಂದ ಮಧ್ಯಾಹ್ನ ಇಳಿಯುವ ಒಂದು ಕೋಲು ಬೆಳಕು, ಸುಣ್ಣದ ಮೇಲೆ ಮಳೆಗಾಲದ ಹಸಿರು ಕಲೆ: ಇದನ್ನು ಬರೆಯಲು ಬೊಸ್‌ಬೋಮನಷ್ಟೇ ಹಗುರವಾದ ಕೈ ಬೇಕು. ಅಂಥ ಕೈ ನಮ್ಮಲ್ಲಿ ಹುಟ್ಟಲಿಲ್ಲ, ಅಥವಾ ಹುಟ್ಟಿದಾಗ ನಾವು ಕೇಳಿಕೊಳ್ಳಲಿಲ್ಲ. ಈಗ ಆ ಕಟ್ಟಡಗಳು ಒಂದೊಂದಾಗಿ ಬೀಳುತ್ತಿವೆ. ಹಂಚುಗಳೂ ತೊಲೆಗಳೂ ಬಣ್ಣದ ಗಾಜುಗಳೂ ಹಳೆಯ ವಸ್ತುಗಳ ಅಂಗಡಿ ಸೇರಿ ರೆಸಾರ್ಟುಗಳ ಊಟದ ಮನೆಗಳಿಗೆ ಹೋಗುತ್ತವೆ. ಸಂಗ್ರಾಹಕರು ನಮ್ಮಲ್ಲಿಯೂ ಇದ್ದಾರೆ. ಸಭೆಯ ಲೆಕ್ಕಪುಸ್ತಕದಲ್ಲಿ ಅದು ಹಳೆ ಸಾಮಾನಿನ ಮಾರಾಟವೆಂಬ ಒಂದು ಸಾಲು. ಕಟ್ಟಡದಲ್ಲಿ ಪವಿತ್ರತೆಯಿಲ್ಲವೆಂಬ ನಮ್ಮ ಬೋಧನೆ ಗುತ್ತಿಗೆದಾರನಿಗೆ ಬಹಳ ಅನುಕೂಲವಾಗಿದೆ. ಸೊಲೊಮೋನನು ತನ್ನ ಪ್ರತಿಷ್ಠೆಯ ಪ್ರಾರ್ಥನೆಯಲ್ಲಿ, ಆಕಾಶವೂ ಹಿಡಿಸಲಾರದ ದೇವರನ್ನು ಈ ಮನೆ ಹೇಗೆ ಹಿಡಿಸೀತು ಎಂಬ ಅರ್ಥದ ಪ್ರಶ್ನೆ ಕೇಳಿದ್ದು, ಅಳತೆಗಳನ್ನೆಲ್ಲ ಒಂದೊಂದಾಗಿ ಲೆಕ್ಕವಿಟ್ಟು ಕಟ್ಟಿದ ಮೇಲೆ. ಆ ಕ್ರಮವನ್ನು ನಾವು ಮರೆತಿದ್ದೇವೆ.

ಗಿರಿನಗರದ ಆ ಯಜಮಾನರಿಗೆ ನಾವು ಹೇಳಬೇಕಾಗಿದ್ದ ಮಾತು ಬೊಸ್‌ಬೋಮನ ಕುರಿತಾದುದಲ್ಲ. ಚಿತ್ರವನ್ನು ಇಳಿಸಿರಿ ಎನ್ನುವ ಅಧಿಕಾರವೂ ನಮಗಿಲ್ಲ. ಅವರ ಹಳೆಯ ದೇವಾಲಯದ ಒಂದು ರೇಖಾಚಿತ್ರವನ್ನಾದರೂ ಮಾಡಿಸದೆ ಕೆಡವಿದ ಸಭಾಪಾಲಕರು ನಮ್ಮಂಥ ಸೆಮಿನರಿಯಲ್ಲಿ ಓದಿದವರು. ಅಳೆಯುವುದನ್ನು ನಾವು ಅವರಿಗೆ ಕಲಿಸಿರಲಿಲ್ಲ. ಅಲ್ಲಿ ದೀಕ್ಷಾಸ್ನಾನದ ತೊಟ್ಟಿ ಎಲ್ಲಿತ್ತು, ಹೆಂಗಸರು ಯಾವ ಕಡೆ ಕುಳಿತುಕೊಳ್ಳುತ್ತಿದ್ದರು ಎಂದು ಕೇಳಿದಾಗ ಅವರು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು.

ಆ ಸಂಜೆ ನಮ್ಮ ಜೊತೆಯಲ್ಲಿದ್ದ ವಿದ್ಯಾರ್ಥಿಯೊಬ್ಬನು ರಜೆಗೆ ಊರಿಗೆ ಹೋದಾಗ, ಕೆಡವಲು ನಿಶ್ಚಯವಾಗಿದ್ದ ತನ್ನ ಸಭೆಯ ದೇವಾಲಯವನ್ನು ದರ್ಜಿಯ ಟೇಪಿನಿಂದ ಅಳೆದು ಎಂಟು ಹಾಳೆಗಳಲ್ಲಿ ಬರೆದು ತಂದಿದ್ದಾನೆ. ಕಲೆಯೆಂದು ಹೇಳುವಂತಿಲ್ಲ, ಕಂಬಗಳು ವಾಲಿವೆ. ಪ್ರತಿ ಹಾಳೆಯ ಮೇಲೂ ದಿನಾಂಕವಿದೆ. ನೋಡುವವನ ಕಣ್ಣನ್ನು ಎಲ್ಲಿ ಇಡಬೇಕು, ಪ್ರಸಂಗಪೀಠದಲ್ಲೋ ಹಿಂದಿನ ಬೆಂಚಿನಲ್ಲೋ ಎಂದು ಅವನು ನಮ್ಮನ್ನು ಕೇಳಿ ಬರೆದಿದ್ದನು. ನಮ್ಮ ಉತ್ತರ ಮುಟ್ಟುವ ಮೊದಲೇ ಅವನು ಬಾಗಿಲಿನ ಹತ್ತಿರ, ಚಪ್ಪಲಿಗಳನ್ನು ಬಿಡುವ ಜಾಗದಲ್ಲಿ, ಆ ಬಿಂದುವನ್ನು ಗುರುತಿಸಿಯಾಗಿತ್ತು.